ಮಗ್ಗುಲು ಬದಲಿಸಿದಾಗ ಬರುವ ತಲೆಸುತ್ತು: ಕುತ್ತಿಗೆಯ ಸವೆತವೋ, ಒಳಕಿವಿಯ ತೊಂದರೆಯೋ?

ಪ್ರಶ್ನೆ – ತುಂಗಾತೀರ

ನಮ್ಮ ತಾಯಿಗೆ 63 ವರ್ಷ. ಮೂರು ವಾರಗಳ ಹಿಂದೆ ಬೆಳಗಿನ ಜಾವ ಬಲಮಗ್ಗುಲಿಗೆ ಹೊರಳಿದ ಕೂಡಲೇ ಮಾಡಿನ ಜಂತಿಗಳೆಲ್ಲ ಗಿರಗಿರನೆ ತಿರುಗಿದಂತಾಗಿ, ಮಂಚದ ಪಟ್ಟಿಯನ್ನು ಹಿಡಿದುಕೊಂಡು ನನ್ನನ್ನು ಕೂಗಿದರು. ಅರ್ಧ ನಿಮಿಷದೊಳಗೆ ಸುತ್ತು ನಿಂತಿತು. ವಾಕರಿಕೆ ಮಾತ್ರ ಮಧ್ಯಾಹ್ನದವರೆಗೂ ಉಳಿಯಿತು. ಅಂದಿನಿಂದ ಮಲಗುವಾಗ, ಏಳುವಾಗ, ನಾಗಂದಿಗೆಯ ಮೇಲಿನ ಉಪ್ಪಿನಕಾಯಿ ಭರಣಿ ತೆಗೆಯಲು ಕತ್ತೆತ್ತಿದಾಗ ಅದೇ ಮರುಕಳಿಸುತ್ತಿದೆ. ಸುಮ್ಮನೆ ಕುಳಿತಿದ್ದರೆ ಏನೂ ಇಲ್ಲ. ಪಿತ್ತವಿರಬೇಕೆಂದು ಅಜ್ಜಿ ಜೀರಿಗೆ ಕಷಾಯ ಕೊಟ್ಟರು. ಆಸ್ಪತ್ರೆಯೊಂದರಲ್ಲಿ ಕುತ್ತಿಗೆಯ ಎಕ್ಸ್‌ರೇ ತೆಗೆಸಿ, ಮೂಳೆ ಸವೆದಿದೆಯೆಂದು ಕಾಲರನ್ನೂ ತಲೆಸುತ್ತಿನ ಮಾತ್ರೆಯನ್ನೂ ಕೊಟ್ಟರು. ಮಾತ್ರೆಯಿಂದ ಮಂಪರು ಹೆಚ್ಚಾಯಿತೇ ಹೊರತು ಸುತ್ತು ನಿಂತಿಲ್ಲ. ಇನ್ನು ಎಂಆರ್‌ಐ ಮಾಡಿಸಬೇಕೇ?

ಉತ್ತರ – ಕಿವಿ-ಮೂಗು-ಗಂಟಲು ವೈದ್ಯ

ತಲೆಯ ಭಂಗಿ ಬದಲಾದಾಗಲೇ ಸುತ್ತು ಬರುತ್ತದೆ, ಒಂದು ನಿಮಿಷದೊಳಗೆ ತಾನಾಗಿ ನಿಲ್ಲುತ್ತದೆ ಎಂದಿದ್ದೀರಿ. ಇದು ಬಹುಮಟ್ಟಿಗೆ ನಾವು ಬಿಪಿಪಿವಿ ಎಂದು ಕರೆಯುವ ಒಳಕಿವಿಯ ತೊಂದರೆಯ ಲಕ್ಷಣ. ಒಳಕಿವಿಯ ಯುಟ್ರಿಕಲ್ ಎಂಬ ಚೀಲದಲ್ಲಿ ಅಂಟಿಕೊಂಡಿರಬೇಕಾದ ಕ್ಯಾಲ್ಸಿಯಂ ಕಾರ್ಬೊನೇಟಿನ ಸೂಕ್ಷ್ಮ ಹರಳುಗಳು ಕಳಚಿ, ಪಕ್ಕದ ಅರ್ಧವೃತ್ತಾಕಾರದ ನಾಳಗಳಲ್ಲೊಂದಕ್ಕೆ, ಹೆಚ್ಚಿನವರಲ್ಲಿ ಹಿಂಬದಿಯ ನಾಳಕ್ಕೆ, ಜಾರುತ್ತವೆ. ತಲೆ ಅಲುಗಿದಾಗ ಅವು ನಾಳದ ದ್ರವವನ್ನೂ ಎಳೆದುಕೊಂಡು ಸರಿಯುವುದರಿಂದ, ತಲೆ ನಿಂತ ಮೇಲೂ ಅದು ತಿರುಗುತ್ತಲೇ ಇದೆಯೆಂಬ ಸುಳ್ಳು ಸುದ್ದಿ ಮೆದುಳಿಗೆ ಮುಟ್ಟುತ್ತದೆ.

ಅರವತ್ತು ದಾಟಿದ ಬಹುತೇಕರ ಕುತ್ತಿಗೆಯಲ್ಲಿ ಅಷ್ಟಿಷ್ಟು ಸವೆತ ಇದ್ದೇ ಇರುತ್ತದೆ. ಅದು ಕಂಡಿತೆಂದ ಮಾತ್ರಕ್ಕೆ ಸುತ್ತಿಗೆ ಅದೇ ಕಾರಣವೆನ್ನಲಾಗದು. ಈ ಹರಳುಗಳು ಎಂಆರ್‌ಐಯಲ್ಲೂ ಕಾಣುವುದಿಲ್ಲ. ರೋಗವನ್ನು ತೋರಿಸಿಕೊಡುವುದು ಕಣ್ಣು. ಲಂಡನ್ನಿನ ಮಾರ್ಗರೆಟ್ ಡಿಕ್ಸ್ ಮತ್ತು ಚಾರ್ಲ್ಸ್ ಹಾಲ್‌ಪೈಕ್ 1952ರಲ್ಲಿ ವಿವರಿಸಿದ ಪರೀಕ್ಷೆಯಲ್ಲಿ, ತಲೆಯನ್ನು ಒಂದು ಬದಿಗೆ 45 ಡಿಗ್ರಿ ತಿರುಗಿಸಿ, ಅದು ಮಂಚದ ಅಂಚಿನಿಂದ ತುಸು ಕೆಳಗಿಳಿಯುವಂತೆ ರೋಗಿಯನ್ನು ಬೇಗನೆ ಮಲಗಿಸಿ, ಕಣ್ಣು ಮುಚ್ಚಬೇಡಿರೆಂದು ಹೇಳಿ ನೋಡುತ್ತೇವೆ. ಕೆಲವು ಸೆಕೆಂಡು ಏನೂ ಆಗುವುದಿಲ್ಲ. ಆಮೇಲೆ ಕಣ್ಣುಗುಡ್ಡೆಗಳು ಹಣೆಯ ಕಡೆಗೆ ಜಿಗಿಯುತ್ತ, ಕೆಳಗಿರುವ ಕಿವಿಯತ್ತ ತಿರುಚಿಕೊಳ್ಳುತ್ತ ಆಡಿ, ನಿಧಾನವಾಗಿ ತಣ್ಣಗಾಗುತ್ತವೆ. ಹೀಗೆ ಕಂಡರೆ ಸ್ಕ್ಯಾನಿನ ಅಗತ್ಯವಿಲ್ಲ.

ಮಾತ್ರೆ ಹರಳನ್ನು ಸರಿಸಲಾರದು. ಅಮೆರಿಕದ ಜಾನ್ ಎಪ್ಲಿ 1992ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಬಲಗಿವಿಯ ತೊಂದರೆಯಾದರೆ, ಇದೇ ಭಂಗಿಯಿಂದ ತಲೆಯನ್ನು 90 ಡಿಗ್ರಿ ಎಡಕ್ಕೆ ತಿರುಗಿಸಿ, ಅನಂತರ ಮುಖ ನೆಲ ನೋಡುವಂತೆ ಎಡಮಗ್ಗುಲಿಗೆ ಹೊರಳಿಸಿ, ಕೊನೆಗೆ ಎಬ್ಬಿಸಿ ಕೂರಿಸುತ್ತೇವೆ. ಪ್ರತಿ ಹಂತದಲ್ಲೂ ಅರ್ಧ ನಿಮಿಷವಾದರೂ ಕಾಯಬೇಕು. ಹರಳು ಬಂದ ದಾರಿಯಲ್ಲೇ ಚೀಲಕ್ಕೆ ಮರಳುತ್ತದೆ. ಆದರೆ ಕುತ್ತಿಗೆಯ ಸವೆತವಿದೆಯೆಂದು ಮೊದಲೇ ವೈದ್ಯರಿಗೆ ತಿಳಿಸಿ. ಕತ್ತನ್ನು ಎಷ್ಟು ಬಾಗಿಸಬಹುದೆಂಬುದನ್ನು ಅವರು ನೋಡಿಕೊಳ್ಳುತ್ತಾರೆ.

ಉತ್ತರ – ಧಾರವಾಡದ ನಿವೃತ್ತ ಶಿಕ್ಷಕ

ವೈದ್ಯರ ಮಾತಿಗೆ ನನ್ನ ಅನುಭವದ ಒಂದು ತಿದ್ದುಪಡಿ. ವಿಡಿಯೋ ನೋಡಿಕೊಂಡು ನಾನೇ ಎರಡು ವಾರ ಎಪ್ಲಿ ಮಾಡಿಕೊಂಡೆ, ಗುಣ ಕಾಣಲಿಲ್ಲ. ಕಡೆಗೆ ವೈದ್ಯರು ಅಂಗಾತ ಮಲಗಿಸಿ ತಲೆಯನ್ನು ಎಡಬಲಕ್ಕೆ ಹೊರಳಿಸಿ ನೋಡಿದಾಗ, ನನ್ನ ಕಣ್ಣು ಮೇಲಕ್ಕಲ್ಲ, ಅಡ್ಡಕ್ಕೆ ಆಡುತ್ತಿತ್ತಂತೆ. ಹರಳು ಇದ್ದದ್ದು ಅಡ್ಡನಾಳದಲ್ಲಿ. ಅದಕ್ಕೆ ಬೇರೆಯದೇ ಉಪಚಾರ. ಹಂಚಿನ ಮೇಲೆ ರೊಟ್ಟಿ ಮಗುಚಿದಂತೆ ನನ್ನನ್ನು ಮಂಚದ ಮೇಲೆ ಒಂದು ಸುತ್ತು ಹೊರಳಿಸಿದರು, ಅಷ್ಟೆ. ಯಾವ ಕಿವಿ, ಯಾವ ನಾಳ ಎಂಬುದು ಖಚಿತವಾಗದೆ ಮನೆಯಲ್ಲಿ ಕೈಹಾಕಬೇಡಿ.

ತುಂಗಾತೀರ

ನಿನ್ನೆ ಪರೀಕ್ಷೆಯಾಯಿತು. ಬಲಕ್ಕೆ ಮಲಗಿಸಿದಾಗ ಅಮ್ಮನ ಕಣ್ಣು ಆಡಿದ್ದನ್ನು ನಾನೇ ಕಂಡೆ. ಎಣಿಸಿದೆ, ಹದಿನೆಂಟು ಸೆಕೆಂಡು. ಮೊದಲ ಸಲದ ಎಪ್ಲಿಗೆ ವಾಂತಿಯಾಯಿತು. ಎರಡನೆಯ ಸಲ ಕಣ್ಣು ಅಲುಗಲೇ ಇಲ್ಲ. ರಾತ್ರಿ ನೆಮ್ಮದಿಯಾಗಿ ಮಲಗಿದರಾದರೂ ನಡೆಯುವಾಗ ದೋಣಿಯಲ್ಲಿದ್ದಂತೆ ತೇಲಾಡುತ್ತದೆ ಎನ್ನುತ್ತಾರೆ. ಕಾಲರ್ ತೆಗೆಯಬಹುದೇ? ಮತ್ತೆ ಬರುತ್ತದೆಯೇ?

ಉತ್ತರ – ಕಿವಿ-ಮೂಗು-ಗಂಟಲು ವೈದ್ಯ

ತೇಲಾಟ ಕೆಲವು ದಿನಗಳಿಂದ ಒಂದೆರಡು ವಾರ ಉಳಿಯುವುದುಂಟು. ನಡೆದಾಡಿದಷ್ಟೂ ಬೇಗ ಹೋಗುತ್ತದೆ. ಸುತ್ತಿನ ಸಲುವಾಗಿ ಕಾಲರ್ ಬೇಡ. ಎಪ್ಲಿಯ ನಂತರ ಎರಡು ದಿನ ಕುಳಿತೇ ನಿದ್ರಿಸಬೇಕೆಂಬ ಹಳೆಯ ಕಟ್ಟುಪಾಡನ್ನೂ ಈಗ ಕೈಬಿಡಲಾಗಿದೆ. ಮರುಕಳಿಸುವ ಸಾಧ್ಯತೆ ಇದ್ದೇ ಇದೆ. ಬಂದರೆ ಮತ್ತದೇ ಉಪಚಾರ. ವಿಟಮಿನ್ ಡಿ ಪರೀಕ್ಷೆ ಮಾಡಿಸಿ: ಕೊರತೆಯಿದ್ದವರಿಗೆ ಅದನ್ನು ಕೊಟ್ಟಾಗ ಮರುಕಳಿಕೆ ಕಡಿಮೆಯಾಯಿತೆಂದು 2020ರಲ್ಲಿ ಪ್ರಕಟವಾದ ದಕ್ಷಿಣ ಕೊರಿಯಾದ ಪ್ರಯೋಗವೊಂದು ತೋರಿಸಿದೆ. ಆದರೆ ಸುತ್ತಿನ ಜೊತೆ ಮಾತು ತೊದಲಿದರೆ, ಒಂದು ವಸ್ತು ಎರಡಾಗಿ ಕಂಡರೆ, ಕೈಕಾಲು ಸೋತರೆ, ಹಿಂದೆಂದೂ ಇಲ್ಲದ ತಲೆನೋವು ಬಂದರೆ, ಅಥವಾ ನಿಲ್ಲಲೇ ಆಗದಿದ್ದರೆ, ಅದನ್ನು ಕಿವಿಯದೆಂದು ತಿಳಿದು ಕಾಯುತ್ತ ಕೂರದೆ ತಕ್ಷಣ ತುರ್ತು ವಿಭಾಗಕ್ಕೆ ಕರೆದೊಯ್ಯಿರಿ. ಭರಣಿಯನ್ನು ಸದ್ಯಕ್ಕೆ ಕೆಳಗಿನ ಕಪಾಟಿನಲ್ಲಿಡಿ.