ಇರುವುದೊಂದೇ ರನ್‌ವೇ, ಅದರ ನಡುವೆ ಟೈರ್ ಹೋದ ಎಟಿಆರ್ ವಿಮಾನ: ಮೊದಲು ಏನು ಮಾಡಬೇಕು?

ಏಪ್ರನ್_ಹೊಸಬ:
ಎಲ್ಲರಿಗೂ ನಮಸ್ಕಾರ. ದಿನಕ್ಕೆ ನಾಲ್ಕೈದು ಎಟಿಆರ್-72 (ಪ್ರೊಪೆಲ್ಲರ್ ಇರುವ ಸಣ್ಣ ಪ್ರಯಾಣಿಕ ವಿಮಾನ) ಬಂದುಹೋಗುವ ನಿಲ್ದಾಣದಲ್ಲಿ ಗ್ರೌಂಡ್ ಹ್ಯಾಂಡ್ಲಿಂಗ್ ಕೆಲಸ. ಇರುವುದು ಒಂದು ಟ್ರ್ಯಾಕ್ಟರ್, ಒಂದು ಟೋ ಬಾರ್ (ವಿಮಾನ ಎಳೆಯುವ ಸರಳು), ಒಂದು ಜಿಪಿಯು (ನಿಂತ ವಿಮಾನಕ್ಕೆ ಕರೆಂಟ್ ಕೊಡುವ ಯಂತ್ರ), ಎರಡು ಬಸ್. ಬಿಡಿ ಚಕ್ರವೂ ಇಲ್ಲ, ಜ್ಯಾಕೂ ಇಲ್ಲ, ಬೆಂಗಳೂರಿನಿಂದ ರಸ್ತೆಯಲ್ಲೇ ಬರಬೇಕು. ಇಳಿದ ವಿಮಾನದ ಮೇನ್ ವೀಲ್ ಟೈರ್ ರನ್‌ವೇ ನಡುವೆಯೇ ಹೋದರೆ ಮೊದಲ ಒಂದು ತಾಸಿನಲ್ಲಿ ನಾವು ಯಾವುದರ ನಂತರ ಯಾವುದನ್ನು ಮಾಡಬೇಕು? ಟೋ ಬಾರ್ ಹಾಕಿ ಮೆಲ್ಲಗೆ ಏಪ್ರನ್‌ಗೆ (ವಿಮಾನ ನಿಲ್ಲಿಸುವ ಜಾಗಕ್ಕೆ) ಎಳೆದು ತಂದರೆ ಆಗದೇ?

ಕ್ರ್ಯಾಶ್_ಟೆಂಡರ್:
ಎಳೆಯುವ ಮಾತು ಆಮೇಲೆ. ಟೈರ್ ಸಿಡಿದೇ ಹೋಗಿರಬೇಕೆಂದಿಲ್ಲ. ಬ್ರೇಕ್ ವಿಪರೀತ ಕಾದಾಗ ರಿಮ್ಮಿನಲ್ಲಿರುವ ಫ್ಯೂಸ್ ಪ್ಲಗ್ ಕರಗಿ ಗಾಳಿ ಬಿಟ್ಟುಬಿಡುತ್ತದೆ. ಟೈರ್ ಸಿಡಿಯದಿರಲೆಂದೇ ಅದನ್ನು ಇಟ್ಟಿರುವುದು. ಒಂದು ಚಕ್ರ ಚಪ್ಪಟೆಯಾಗಿದ್ದರೆ ಪಕ್ಕದ್ದೂ ಕಾದಿದೆ ಎಂದೇ ಲೆಕ್ಕ. ಚಕ್ರದ ಪಕ್ಕಕ್ಕೆ, ಆ್ಯಕ್ಸಲ್‌ನ ನೇರಕ್ಕೆ ಯಾರೂ ನಿಲ್ಲಬಾರದು. ರಿಮ್ ಒಡೆದರೆ ಚೂರುಗಳು ಹಾರುವುದು ಆ ಕಡೆಗೇ. ಎಟಿಆರ್‌ನಲ್ಲಿ ಮುಂದಿನಿಂದ ಹೋದರೆ ಪ್ರೊಪೆಲ್ಲರ್ ಅಡ್ಡ ಬರುತ್ತದೆ, ಹಿಂದಿನಿಂದಲೇ ಹೋಗಿ. ಇನ್ನೊಂದು ಮುಖ್ಯ ಮಾತು: ಪ್ರೊಪೆಲ್ಲರ್ ನಿಂತಿದೆ ಎಂದರೆ ಎಂಜಿನ್ ನಿಂತಿದೆ ಎಂದಲ್ಲ. ಎಟಿಆರ್‌ಗೆ ಎಪಿಯು (ನಿಂತಾಗ ಕರೆಂಟ್ ಕೊಡುವ ಸಣ್ಣ ಒಳ ಎಂಜಿನ್) ಇಲ್ಲ. ಅದರ ಬದಲಿಗೆ ಪ್ರೊಪೆಲ್ಲರ್‌ಗೆ ಬ್ರೇಕ್ ಹಾಕಿ ಬಲಗಡೆಯ ಎಂಜಿನ್ನನ್ನು ಓಡಿಸುತ್ತಿರಬಹುದು, ಇದಕ್ಕೆ ಹೋಟೆಲ್ ಮೋಡ್ ಎನ್ನುತ್ತಾರೆ. ಎರಡೂ ಎಂಜಿನ್ ಆಫ್ ಆಗಿವೆ ಎಂದು ಪೈಲಟ್ ಬಾಯಿಂದ ಕೇಳಿಕೊಳ್ಳದೆ ಹತ್ತಿರ ಹೋಗಬೇಡಿ.

ಜ್ವಾಲೆ ಇಲ್ಲದೆ ಬರೀ ಹೊಗೆಯಿದ್ದರೆ ತಾನಾಗಿ ಆರಲಿ, ಟೆಂಡರ್ (ಅಗ್ನಿಶಾಮಕ ವಾಹನ) ಸಿದ್ಧವಾಗಿ ನಿಂತಿರಲಿ. ಕಾದ ರಿಮ್ಮಿಗೆ ನೀರಿನ ಧಾರೆ ಬಿಟ್ಟರೆ ಲೋಹ ಒಮ್ಮೆಲೇ ಕುಗ್ಗಿ ಬಿರಿಯುತ್ತದೆ.

ಜ್ವಾಲೆ ಎದ್ದು ನೀರು, ಫೋಮ್ (ಬೆಂಕಿ ನಂದಿಸುವ ನೊರೆ) ಬಳಸಿದ್ದರೆ ಅದನ್ನು ಕೂಡಲೇ ಟವರ್‌ಗೆ ಹೇಳಬೇಕು. ಎಟಿಆರ್-72ರ ಉದ್ದ 27.17 ಮೀಟರ್, ಅಂದರೆ ಅಗ್ನಿಶಾಮಕ ಕೆಟಗರಿ 5 (ವಿಮಾನದ ಗಾತ್ರಕ್ಕೆ ತಕ್ಕ ಅಗ್ನಿಶಾಮಕ ಸಿದ್ಧತೆಯ ದರ್ಜೆ). ಲೆವೆಲ್ ಬಿ ದರ್ಜೆಯ ಫೋಮ್ ಆದರೆ 5,400 ಲೀಟರ್ ನೀರು ಬೇಕು. ಇನ್ನೂ ದೊಡ್ಡ ಎ320 ವಿಮಾನ ಬರುವಲ್ಲಿ ಕೆಟಗರಿ 6: 7,900 ಲೀಟರ್, ಕನಿಷ್ಠ ಎರಡು ಟೆಂಡರ್. ಟ್ಯಾಂಕ್ ತುಂಬಿಸದೆ ರನ್‌ವೇ ತೆರೆದರೆ ಕಾಗದದ ಮೇಲಿನ ಕೆಟಗರಿಯೇ ಬೇರೆ, ನಿಜವಾಗಿ ಇರುವುದೇ ಬೇರೆ. ಈ ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ, ಅದಕ್ಕೇ ಅಪಾಯ.

ಟವರ್_ಕಿಟಕಿ:
ಟವರ್ ಕಡೆಯ ಕೆಲಸ ಫೋನಿನದ್ದು. ರನ್‌ವೇ ಮುಚ್ಚಿದ ನೋಟಾಮ್ (ಪೈಲಟ್‌ಗಳಿಗೆ ಕೊಡುವ ಅಧಿಕೃತ ಸೂಚನೆ), ಬರುತ್ತಿರುವ ವಿಮಾನಗಳಿಗೆ ಆಗಲೇ ಸುದ್ದಿ. ತಡವಾದಷ್ಟೂ ಅವರು ಸುತ್ತು ಹೊಡೆದು ಇಂಧನ ಕಳೆಯುತ್ತಾರೆ. ಅವಧಿ ಹಾಕುವಾಗ "ಅರ್ಧ ತಾಸು" ಎಂದು ಆಸೆಗೆ ಹಾಕಿ ಮತ್ತೆ ಮತ್ತೆ ಎಳೆಯಬೇಡಿ. ಚಕ್ರ ಆರೇಳು ತಾಸು ದೂರದಿಂದ ಬರಬೇಕಾದರೆ ಅದನ್ನೇ ಹಾಕಿ.

ಸಣ್ಣ ನಿಲ್ದಾಣದಲ್ಲಿ ಎಲ್ಲರೂ ಮರೆಯುವುದು ವಾಚ್ ಅವರ್ಸ್, ಅಂದರೆ ನಿಲ್ದಾಣ ತೆರೆದಿರುವ ಸಮಯ. ಸಂಜೆ ಮುಚ್ಚುವ ನಿಲ್ದಾಣವಾದರೆ ವಿಸ್ತರಣೆಯನ್ನು ಮಧ್ಯಾಹ್ನವೇ ಕೇಳಿ. ಟವರ್ ಒಂದೇ ಇದ್ದರೆ ಸಾಲದು. ಅಗ್ನಿಶಾಮಕ, ಭದ್ರತೆ ಎಲ್ಲರೂ ಉಳಿಯಬೇಕು. ಕತ್ತಲಲ್ಲಿ ಜ್ಯಾಕ್ ಹಾಕಲು ಜನರೇಟರ್ ಇರುವ ಫ್ಲಡ್‌ಲೈಟ್ ಬೇಕು, ಅದನ್ನೂ ಹಗಲಲ್ಲೇ ಹುಡುಕಿಡಿ.

ಹಾಗೆಯೇ, ವಿಮಾನವನ್ನು ಅಂಚಿಗೆ ಸರಿಸಿದಿರಿ ಎಂದು ರನ್‌ವೇ ತೆರೆಯುವುದಿಲ್ಲ. ಸ್ಟ್ರಿಪ್ (ರನ್‌ವೇ ಮತ್ತು ಅದರ ಸುತ್ತ ಖಾಲಿ ಇಡುವ ಪಟ್ಟಿ) ಒಳಗೆ ನಿಂತಿರುವಷ್ಟು ಹೊತ್ತೂ ಮುಚ್ಚಿದಂತೆಯೇ.

ಟಾರ್ಕ್_ರೆಂಚ್:
ಎಳೆಯುವ ಪ್ರಶ್ನೆಗೆ ಬರೋಣ. ಎಟಿಆರ್‌ನ ಒಂದೊಂದು ಮೇನ್ ಗೇರ್‌ನಲ್ಲಿ (ವಿಮಾನದ ನಡುಭಾಗದ ಚಕ್ರಗಳ ಕಾಲು) ಎರಡೆರಡು ಚಕ್ರ. ಜೋಡಿಯಲ್ಲಿ ಒಂದು ಹೋಗಿದ್ದರೆ ಎಳೆಯಬಹುದೋ, ಎಷ್ಟು ವೇಗ, ಎಷ್ಟು ತಿರುವು ಎಂಬುದನ್ನು ಎಂಜಿನಿಯರ್ ಮೇಂಟೆನೆನ್ಸ್ ಮ್ಯಾನ್ಯುಯಲ್ ನೋಡಿಯೇ ಹೇಳಬೇಕು. ಎರಡೂ ಹೋಗಿದ್ದರೆ ಕದಲಿಸಬೇಡಿ. ರಿಮ್ ನೆಲಕ್ಕೆ ಉಜ್ಜಿ ಚಕ್ರ ಬದಲಿಸಿ ಮುಗಿಸಬಹುದಾದ ಕೆಲಸ ಗೇರ್ ರಿಪೇರಿಯ ಕೆಲಸವಾಗುತ್ತದೆ, ಡಾಂಬರೂ ಕಿತ್ತುಬರುತ್ತದೆ.

ಎಳೆಯುವ ಮೊದಲು ಇದು ಅಪಘಾತವೋ ಗಂಭೀರ ಘಟನೆಯೋ ಎಂಬುದಕ್ಕೆ ಡಿಜಿಸಿಎ (ವಿಮಾನಯಾನ ನಿಯಂತ್ರಕ), ಎಎಐಬಿಯಿಂದ (ವಿಮಾನ ಅಪಘಾತ ತನಿಖಾ ಸಂಸ್ಥೆ) ಉತ್ತರ ಬರಬೇಕು. ಅಷ್ಟರಲ್ಲಿ ಫೋಟೊ ತೆಗೆದಿಡಿ: ಟೈರ್ ಗುರುತು ಶುರುವಾದ ಜಾಗ, ಚೂರು ಬಿದ್ದ ಜಾಗ, ಚಕ್ರ ನಿಂತ ಜಾಗ. ಜಿಪಿಯು ಸಿಕ್ಕಿಸುವ ಆತುರವೂ ಬೇಡ. ಹಲವು ವಿಮಾನಗಳಲ್ಲಿ ಕಾಕ್‌ಪಿಟ್ ವಾಯ್ಸ್ ರೆಕಾರ್ಡರ್ ಉಳಿಸಿಕೊಳ್ಳುವುದು ಕೊನೆಯ ಎರಡು ತಾಸು ಮಾತ್ರ. ಕರೆಂಟ್ ಕೊಟ್ಟಷ್ಟು ಹೊತ್ತೂ ಹಳೆಯದು ಅಳಿಸುತ್ತ ಹೋಗುತ್ತದೆ. ರೆಕಾರ್ಡರ್‌ನ ಬ್ರೇಕರ್ ಎಳೆದು ಕರೆಂಟ್ ತಪ್ಪಿಸಬೇಕೋ ಎಂದು ಮೊದಲು ಕ್ಯಾಪ್ಟನ್‌ರನ್ನು ಕೇಳಿ.

ಪ್ರಯಾಣಿಕರು ಇಳಿಯುವುದು ಹಿಂಬಾಗಿಲಿಂದ, ಲಗೇಜ್ ಹೆಚ್ಚಾಗಿ ಮುಂದಿರುತ್ತದೆ. ಹಿಂದೆ ಜನ ಸಾಲುಗಟ್ಟಿರುವಾಗ ಮುಂದಿನ ಸಾಮಾನು ಇಳಿಸಿದರೆ ಬಾಲ ಕುಸಿಯುತ್ತದೆ. ಟೇಲ್ ಪ್ರಾಪ್ (ಬಾಲದ ಕೆಳಗಿನ ಆಧಾರ ಕಂಬ) ಕೊಟ್ಟು, ಮೊದಲು ಜನ, ಆಮೇಲೆ ಸಾಮಾನು.

ಬೆಂಗಳೂರಿಗೆ ಕೇಳುವಾಗ ಒಂದು ಚಕ್ರ ಕೇಳಬೇಡಿ, ಎರಡು ಕೇಳಿ. ಓಟದಲ್ಲಿ ಒಂದು ಟೈರ್ ಹೋದಾಗ ಇಡೀ ಭಾರ ಹೊತ್ತದ್ದು ಜೋಡಿ ಟೈರ್. ನೋಡಲು ಚೆನ್ನಾಗಿದ್ದರೂ ಅದನ್ನು ಬದಲಿಸುವುದೇ ವಾಡಿಕೆ. ಜ್ಯಾಕ್ ಕೂಡ ಟೈರ್ ಚಪ್ಪಟೆಯಾದ ಎತ್ತರದಲ್ಲಿ ಒಳಗೆ ತೂರುವಂಥದ್ದೇ ಬೇಕು. ಮಾಮೂಲಿ ಜ್ಯಾಕ್ ಕಳಿಸಿದರೆ ಆರು ತಾಸು ಕಾದು ಮತ್ತೆ ಆರು ತಾಸು ಕಾಯಬೇಕಾದೀತು. ಜೊತೆಗೆ ನೈಟ್ರೋಜನ್ ಸಿಲಿಂಡರ್, ರೆಗ್ಯುಲೇಟರ್, ಟಾರ್ಕ್ ರೆಂಚ್, ಆ್ಯಕ್ಸಲ್ ನಟ್‌ನ ಸಾಕೆಟ್, ಗ್ರೀಸ್. ಪಟ್ಟಿಯನ್ನು ಫೋನಿನಲ್ಲಿ ಓದಿಸಿ, ಅವರಿಂದ ತಿರುಗಿ ಹೇಳಿಸಿಕೊಳ್ಳಿ.

ಬಿಚ್ಚುವಾಗ: ಇನ್ನೊಂದು ಗೇರ್‌ಗೆ ಹಿಂದೆ ಮುಂದೆ ಚೋಕ್ (ಚಕ್ರ ಉರುಳದಂತೆ ಇಡುವ ತಡೆ), ಗೇರ್ ಮಡಚದಂತೆ ತಡೆಯುವ ಪಿನ್‌ಗಳು ಒಳಗೆ. ಗಾಳಿಯಿರುವ ಟೈರನ್ನು ಪೂರ್ತಿ ಖಾಲಿ ಮಾಡಿದ ಮೇಲೆಯೇ ನಟ್ ಸಡಿಲಿಸುವುದು. ರಿಮ್ಮಿನ ಎರಡು ಭಾಗಗಳನ್ನು ಹಿಡಿದ ಬೋಲ್ಟ್ ಮುರಿದಿದ್ದರೆ, ನಟ್ ಬಂದ ಕೂಡಲೇ ಅವು ಸಿಡಿದು ಜೀವ ತೆಗೆಯುತ್ತವೆ.

ಏಪ್ರನ್_ಹೊಸಬ:
ಎರಡು ಚಕ್ರದ ಮಾತು ಹೊಳೆದೇ ಇರಲಿಲ್ಲ, ಧನ್ಯವಾದ ಸರ್. ಚಕ್ರ ಅಂಚು ದಾಟಿ ಮಣ್ಣಿಗಿಳಿದಿದ್ದರೆ?

ಟಾರ್ಕ್_ರೆಂಚ್:
ಕಲಬುರಗಿ, ಹುಬ್ಬಳ್ಳಿ ಕಡೆಯ ಎರೆಮಣ್ಣಾದರೆ ಮಳೆಗಾಲದಲ್ಲಿ ಜ್ಯಾಕೇ ಹೂತುಹೋಗುತ್ತದೆ. ದಪ್ಪ ಪ್ಲೈವುಡ್ ಹಾಸಿ, ಮೇಲೆ ಉಕ್ಕಿನ ಪ್ಲೇಟ್ ಇಟ್ಟು, ಅದರ ಮೇಲೆ ಜ್ಯಾಕ್. ಹೂತ ಮೇನ್ ಗೇರನ್ನು ಮೂಗಿನ ಟೋ ಬಾರ್‌ನಿಂದ ಎಳೆದರೆ ಮುರಿಯುವುದು ನೋಸ್ ಗೇರ್. ಹಗ್ಗ ಕಟ್ಟುವುದು ಮೇನ್ ಗೇರ್‌ಗೆ, ಮ್ಯಾನ್ಯುಯಲ್ ತೋರಿಸಿದ ಜಾಗದಲ್ಲೇ.

ಟವರ್_ಕಿಟಕಿ:
ತೆರೆಯುವ ಮೊದಲು ಜೀಪಿನಲ್ಲಿ ಓಡಾಡಿ ಬಂದರೆ ಸಾಲದು, ಆ ಭಾಗವನ್ನು ನಡೆದೇ ನೋಡಿ. ರಬ್ಬರ್ ಚೂರು ಕಾಣುತ್ತದೆ. ಒಡೆದ ಎಡ್ಜ್ ಲೈಟಿನ ಗಾಜು, ರಿಮ್ಮಿನ ತುಣುಕು ಕಾಣುವುದಿಲ್ಲ. ನಾಲ್ಕೈದು ಜನ ಸಾಲಾಗಿ ನಿಂತು, ಬಿಸಿಲಿಗೆ ಎದುರಾಗಿ ನಡೆದರೆ ಗಾಜು ಮಿನುಗುತ್ತದೆ.