ಪದಚರ್ಚೆ: ವೈ ಕ್ರೋಮೋಸೋಮಿನ ‘ಡಿಲೀಶನ್’ಗೆ ‘ಲೋಪ’ ಅನ್ನಬಹುದೇ?

ಎಲ್ಲರಿಗೂ ನಮಸ್ಕಾರ.

ತುಮಕೂರಿನ ಬಿ.ಎಚ್. ರಸ್ತೆ ಹತ್ತಿರ ನನ್ನದೊಂದು ಡಿಟಿಪಿ ಅಂಗಡಿ. ಮದುವೆ ಕಾಗದ, ಕರಪತ್ರ, ಬಿಲ್ ಪುಸ್ತಕದ ಕೆಲಸವೇ ಜಾಸ್ತಿ. ಹೋದ ವಾರ ಒಂದು ಆಸ್ಪತ್ರೆಯಿಂದ ನಾಲ್ಕು ಪುಟದ ಕೈಪಿಡಿ ಬಂತು. ಮಕ್ಕಳಾಗದ ಗಂಡಸರಿಗೆ ಮಾಡುವ ಒಂದು ರಕ್ತಪರೀಕ್ಷೆಯ ವಿವರ ಅದು. ಗಂಡಸರಲ್ಲಿ ಮಾತ್ರ ಇರುವ ವೈ ಕ್ರೋಮೋಸೋಮಿನಲ್ಲಿ (ವರ್ಣತಂತುವಿನಲ್ಲಿ) ಒಂದು ತುಣುಕು ಇಲ್ಲದಿರುವುದನ್ನು ಇಂಗ್ಲಿಷಿನಲ್ಲಿ ‘ಮೈಕ್ರೋಡಿಲೀಶನ್’ ಅನ್ನುತ್ತಾರೆ. ಅದಕ್ಕೆ ಕನ್ನಡದ ತಲೆಬರಹ ಹೀಗಿತ್ತು: ‘ವೈ ವರ್ಣತಂತುವಿನ ವಂಶವಾಹಿ ಸೂಕ್ಷ್ಮ ಲೋಪ’.

ಪ್ರೂಫ್ ನೋಡುವಾಗ ಗಟ್ಟಿಯಾಗಿ ಓದುವುದು ನನ್ನ ಅಭ್ಯಾಸ. ಬೈಂಡಿಂಗ್ ಹುಡುಗ ಕೇಳಿಸಿಕೊಂಡ. ಕೊರಟಗೆರೆ ಕಡೆಯವನು, ಎಸ್ಸೆಸ್ಸೆಲ್ಸಿ ಓದಿದ್ದಾನೆ. ಕೈಗಂಟಿದ ಗೋಂದು ಒರೆಸಿಕೊಳ್ಳುತ್ತಾ, ‘ಅಂದ್ರೆ ಯಾರ ತಪ್ಪು ಸಾರ್? ಅವರಪ್ಪಂದಾ?’ ಅಂದ.

ಅಲ್ಲಿಗೆ ತಲೆಬರಹ ಕೆಟ್ಟಿತು.

ವ್ಯಾಕರಣ ಓದಿದವರಿಗೆ ಲೋಪ ಅಂದರೆ ಅಕ್ಷರ ಬಿಟ್ಟುಹೋಗುವುದು, ಅಷ್ಟೆ. ಊರು, ಅಲ್ಲಿ ಸೇರಿದರೆ ಊರಲ್ಲಿ. ಉಕಾರ ಹೋಯಿತು, ಯಾರಿಗೂ ಬೇಜಾರಿಲ್ಲ. ಆದರೆ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಮನುಷ್ಯನಿಗೆ ಲೋಪ ಅಂದರೆ ತಪ್ಪು. ಪೇಪರಿನಲ್ಲಿ ‘ಕರ್ತವ್ಯಲೋಪ’ ಅಂತ ಬಂದರೆ ಯಾರೋ ಸಸ್ಪೆಂಡ್ ಆದರು ಅಂತಲೇ. ಜೊತೆಗೆ ‘ಲೋಪದೋಷ’ ಅನ್ನುವ ಜೋಡಿ ಬೇರೆ. ಇನ್ನೊಂದು ತಮಾಷೆ ನೋಡಿ. ಅರ್ಥ ಕೆಡದಿದ್ದರೆ ಮಾತ್ರ ಲೋಪಸಂಧಿ ಮಾಡಬೇಕು ಅಂತ ಮೇಷ್ಟ್ರು ಹೇಳಿಕೊಡುತ್ತಿದ್ದರು. ಇಲ್ಲಿ ಕೆಡುವುದು ಅರ್ಥವೇ.

‘ವಂಶವಾಹಿ’ಯದು ಇನ್ನೊಂದು ಫಜೀತಿ. ಆ ಹುಡುಗ ‘ಅವರಪ್ಪಂದಾ’ ಅಂದದ್ದು ಅದರಿಂದಲೇ. ಕೈಪಿಡಿ ತಂದ ಆಪ್ತಸಮಾಲೋಚಕಿಯನ್ನು ಕೂರಿಸಿಕೊಂಡು ಕೇಳಿದೆ. ಸಾಮಾನ್ಯವಾಗಿ ಅಪ್ಪನ ವೈ ಸರಿಯಾಗಿಯೇ ಇರುತ್ತದಂತೆ. ಅವನಲ್ಲಿ ವೀರ್ಯಾಣು ತಯಾರಾಗುವಾಗ ತುಣುಕು ಹೊಸದಾಗಿ ಬಿಟ್ಟುಹೋಗಿ, ಮಗನಲ್ಲಿ ಮೊದಲ ಸಲ ಕಾಣಿಸಿಕೊಳ್ಳುತ್ತದೆ. ವಂಶದ ಮಾತು ಬರುವುದು ಮುಂದಕ್ಕೆ. ಇಂಥವರು ಇಕ್ಸಿ (ಒಂದು ವೀರ್ಯಾಣುವನ್ನು ಸೂಜಿಯಿಂದ ಅಂಡಾಣುವಿನೊಳಗೆ ಸೇರಿಸುವ ಚಿಕಿತ್ಸೆ) ಮಾಡಿಸಿಕೊಂಡು ಗಂಡುಮಗು ಆದರೆ, ಅವನಿಗೆ ಅದೇ ತುಣುಕಿಲ್ಲದ ವೈ ಹೋಗುತ್ತದೆ. ಹೆಣ್ಣುಮಗುವಿಗೆ ಅಪ್ಪನ ವೈ ಹೋಗುವುದೇ ಇಲ್ಲ. ನಮ್ಮ ಪದ ತಾತನ ಕಡೆಗೆ ಬೆರಳು ತೋರಿಸುತ್ತಿದೆ, ಎಚ್ಚರ ಬೇಕಾದದ್ದು ಮೊಮ್ಮಗನ ವಿಷಯದಲ್ಲಿ. ಅದಕ್ಕೆ ‘ವಂಶವಾಹಿ’ ತೆಗೆದು ಸುಮ್ನೆ ‘ಜೀನ್’ ಅಂತ ಹಾಕಿದ್ದೇನೆ. ಬೈಯುವವರು ಬೈಯಿರಿ.

ಆ ತುಣುಕು ಬಿಟ್ಟುಹೋಗುವುದು ಹೇಗೆ ಅಂತ ಆಕೆ ವಿವರಿಸಿದಾಗ ನನಗೆ ನಗು ಬಂತು. ಯಾಕೆಂದರೆ ಅದು ನಮ್ಮ ಅಂಗಡಿಯಲ್ಲೇ ಆಗಿದೆ. ಎರಡು ವರ್ಷದ ಹಿಂದೆ ಒಂದು ಮದುವೆ ಕಾಗದ. ಮೊದಲು ‘ಶ್ರೀಮತಿ ಮತ್ತು ಶ್ರೀ’ ಅಂತ ಹುಡುಗನ ಅಪ್ಪ ಅಮ್ಮ. ಕೆಳಗೆ ಮತ್ತೆ ‘ಶ್ರೀಮತಿ ಮತ್ತು ಶ್ರೀ’ ಅಂತ ಹುಡುಗಿ ಕಡೆಯವರು. ಟೈಪ್ ಮಾಡುತ್ತಿದ್ದ ನನ್ನ ಕಣ್ಣು ಮೊದಲ ‘ಶ್ರೀಮತಿ ಮತ್ತು ಶ್ರೀ’ಯಿಂದ ಎರಡನೆಯದಕ್ಕೆ ಹಾರಿತು. ಮಧ್ಯದಲ್ಲಿದ್ದ ಬೀಗರು, ವರ, ಎಲ್ಲ ಮಾಯ. ಇನ್ನೂರು ಕಾಗದ ನನ್ನ ಖರ್ಚಿನಲ್ಲೇ ಮತ್ತೆ ಹೊಡೆದುಕೊಟ್ಟೆ.

ವೈ ಕ್ರೋಮೋಸೋಮಿನ ಡಿಎನ್‌ಎ ಬರಹದಲ್ಲೂ ಒಂದೇ ಥರದ ಉದ್ದುದ್ದ ಪಾಠಗಳು ಮತ್ತೆ ಮತ್ತೆ ಬರುತ್ತವೆ. ಕೆಲವಂತೂ ‘ವಿಕಟಕವಿ’ ಥರ ಹಿಂದೆ ಮುಂದೆ ಒಂದೇ. ಎರಡು ಸಮಪಾಠಗಳು ಒಂದಕ್ಕೊಂದು ತಗುಲಿಕೊಂಡರೆ ಮಧ್ಯದ್ದು ಕಳಚಿಕೊಳ್ಳುತ್ತದೆ. ವೀರ್ಯಾಣು ತಯಾರಾಗಲು ಬೇಕಾದ ವೈ ಭಾಗಕ್ಕೆ ‘ಎಜಡ್‌ಎಫ್’ ಅಂತ ಹೆಸರು, ಅದರಲ್ಲಿ ಎ, ಬಿ, ಸಿ ಅಂತ ಮೂರು ಜಾಗ. ಜಾಸ್ತಿ ಕಾಣಿಸುವ ಎಜಡ್‌ಎಫ್‌ಸಿ ಡಿಲೀಶನ್ನಿನಲ್ಲಿ ಹೀಗೆ ಹೋಗುವುದು ಸುಮಾರು 35 ಲಕ್ಷ ಡಿಎನ್‌ಎ ಅಕ್ಷರ. ಅಷ್ಟು ಹೋದರೂ ಮೈಕ್ರೋಸ್ಕೋಪಿನಲ್ಲಿ ಕಾಣುವುದಿಲ್ಲ, ಅದಕ್ಕೇ ‘ಮೈಕ್ರೋ’. 1976ರಲ್ಲಿ ಇಟಲಿಯ ವಿಜ್ಞಾನಿಗಳಾದ ಟೀಪೊಲೊ ಮತ್ತು ಜುಫಾರ್ಡಿ ವೀರ್ಯಾಣುವೇ ಇಲ್ಲದ ಆರು ಗಂಡಸರಲ್ಲಿ ಕಂಡದ್ದು, ಮೈಕ್ರೋಸ್ಕೋಪಿನಲ್ಲೇ ಕಾಣುವಷ್ಟು ಇನ್ನೂ ದೊಡ್ಡ ತುಂಡು ಹೋದದ್ದನ್ನು. ‘ಸೂಕ್ಷ್ಮ ಲೋಪ’ ಅಂದರೆ ಏನೋ ನಾಜೂಕಿನ ತಪ್ಪು ಅಂತ ಕೇಳಿಸುತ್ತೆ ಅಲ್ವಾ?

ಎಲ್ಲಿ ಬಿಟ್ಟುಹೋಗಿದೆ ಅನ್ನುವುದೇ ಮುಖ್ಯ. ‘ಎ’ ಜಾಗ ಪೂರ್ತಿ ಹೋಗಿದ್ದರೆ ವೃಷಣದಲ್ಲಿ ವೀರ್ಯಾಣುವಿನ ಮೂಲಕೋಶಗಳೇ ಇರುವುದಿಲ್ಲ. ‘ಬಿ’ ಹೋಗಿದ್ದರೆ ವೀರ್ಯಾಣು ಅರ್ಧಕ್ಕೇ ನಿಲ್ಲುತ್ತದೆ. ‘ಸಿ’ ಹೋದವರಲ್ಲಿ ಮಾತ್ರ ಎಷ್ಟೋ ಜನಕ್ಕೆ ಸ್ವಲ್ಪ ವೀರ್ಯಾಣು ಸಿಗುವ ಆಸೆ ಇದೆ. ಬರೀ ‘ಲೋಪವಿದೆ’ ಅಂತ ರಿಪೋರ್ಟ್ ಓದಿ ಮನೆಗೆ ಹೋದವನಿಗೆ ಇದ್ಯಾವುದೂ ಗೊತ್ತಾಗುವುದಿಲ್ಲ.

ಹಾಗೇ ಒಳಪುಟದಲ್ಲಿ ಒಂದು ಕಡೆ ‘ನಿರ್ವೀರ್ಯ’ ಅಂತ ಇತ್ತು. ಹೊಡೆದುಹಾಕಿದೆ. ವೀರ್ಯ ಇರುತ್ತೆ, ಇಲ್ಲದ್ದು ವೀರ್ಯಾಣು. ‘ಷಂಡ’ ಅಂತೂ ಬೇರೆಯದೇ ತೊಂದರೆಯ ಹೆಸರು, ಅದರ ಮೇಲೆ ಬೈಗುಳ. ‘ಬಂಜೆ’, ‘ಗೊಡ್ಡು’ ಹೆಣ್ಣಿಗೇ ಅಂಟಿಕೊಂಡಿವೆ. ಯಾರೋ ‘ಜೊಳ್ಳು’ ಅಂದರು. ಭತ್ತಕ್ಕೆ ಚೆನ್ನ, ಮನುಷ್ಯನ ಮುಖ ನೋಡಿ ಹೇಳುವ ಮಾತಲ್ಲ. ‘ವೀರ್ಯಾಣು ಕಂಡುಬಂದಿಲ್ಲ’ ಅಂತ ಬಿಡಿಸಿ ಬರೆದೆ.

ಈಗ ನನ್ನ ಪ್ರಶ್ನೆ. ವಾಕ್ಯದಲ್ಲಿ ಕಷ್ಟವಿಲ್ಲ: ‘ವೈ ಕ್ರೋಮೋಸೋಮಿನಲ್ಲಿ ಒಂದು ತುಣುಕು ಬಿಟ್ಟುಹೋಗಿದೆ’. ಬೈಂಡಿಂಗ್ ಹುಡುಗನಿಗೆ ಓದಿದೆ, ‘ಓ, ಹುಟ್ಟುವಾಗಲೇ ಇರಲಿಲ್ವಾ’ ಅಂದ. ಯಾರ ತಪ್ಪು ಅಂತ ಕೇಳಲಿಲ್ಲ. ತೊಂದರೆ ತಲೆಬರಹದ್ದು. ಅಲ್ಲಿ ನಾಮಪದ ಬೇಕು. ‘ಅಳಿಸುವಿಕೆ’ ಅಂದರೆ ಯಾರೋ ರಬ್ಬರ್ ಹಿಡಿದು ಅಳಿಸಿದ ಹಾಗೆ. ‘ಅಳಿವು’ ಅಂದರೆ ವಂಶವೇ ಮುಗಿದ ಹಾಗೆ. ಹಳೆಯ ಓಲೆಗರಿ ಸಂಪಾದಿಸುವವರು ಪಾಠ ಬಿಟ್ಟುಹೋದ ಕಡೆ ‘ಗ್ರಂಥಪಾತ’ ಅನ್ನುತ್ತಾರೆ. ಅದರಲ್ಲಿ ಬೈಗುಳ ಇಲ್ಲ, ಅರ್ಥವೂ ಸರಿ, ಆದರೆ ‘ಗರ್ಭಪಾತ’ದ ನೆನಪು ಬರುತ್ತೆ. ಸಂತಾನದ ಕೈಪಿಡಿಯಲ್ಲಿ ಅದಂತೂ ಬೇಡ.

ಸದ್ಯಕ್ಕೆ ‘ವೈ ಕ್ರೋಮೋಸೋಮ್: ಬಿಟ್ಟುಹೋದ ತುಣುಕಿನ ಪರೀಕ್ಷೆ’ ಅಂತ ಕೂರಿಸಿದ್ದೇನೆ. ಒಂದೇ ಸಾಲಿನಲ್ಲಿ ಹಿಡಿಸುತ್ತಿಲ್ಲ, ಅಕ್ಷರ ಸಣ್ಣ ಮಾಡಬೇಕು. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ಭಾನುವಾರ ಸಂಜೆಯೊಳಗೆ ತಿಳಿಸಿ. ಸೋಮವಾರ ಬೆಳಿಗ್ಗೆ ಪ್ಲೇಟ್ ಹಾಕಿಸುತ್ತೇನೆ.