ಮನಸ್ಸಿನ ಮಾತ್ರೆಗೆ ಜೀನ್ ಟೆಸ್ಟ್: ಮನೋವೈದ್ಯೆಯ ಜೊತೆ ಪ್ರಶ್ನೋತ್ತರ

ಅಡ್ಮಿನ್: ಮೇಡಂ ಸಂಜೆ 7ರಿಂದ 8ರವರೆಗೆ ಗುಂಪಿನಲ್ಲಿ ಇರುತ್ತಾರೆ. ಯಾವ ಮಾತ್ರೆ ಅಂತ ಆರಿಸೋಕೆ ಜೀನ್ ಟೆಸ್ಟ್ ಬೇಕಾ, ಅದಷ್ಟೇ ವಿಷಯ. ರಿಪೋರ್ಟ್ ಫೋಟೋ ಹಾಕಬೇಡಿ.

ಬೆಣ್ಣೆದೋಸೆ: ನಮಸ್ತೆ ಮೇಡಂ. ನನಗೆ ಖಿನ್ನತೆ. ಎರಡು ಮಾತ್ರೆ ಬದಲಾಯಿಸಿದ್ದಾಯಿತು, ಎರಡೂ ಹಿಡಿಸಲಿಲ್ಲ. ಎಂಜಲು ಕೊಟ್ಟು ಟೆಸ್ಟ್ ಮಾಡಿಸಿದರೆ ಸರಿಯಾದದ್ದು ಗೊತ್ತಾಗುತ್ತದಾ?

ಡಾಕ್ಟರ್: ನಮಸ್ತೆ. ಇಲ್ಲ. ನಿಮ್ಮ ಲಿವರ್ ಕೆಲವು ಮಾತ್ರೆಗಳನ್ನು ಎಷ್ಟು ಬೇಗ ಅರಗಿಸುತ್ತದೆ ಅನ್ನುವುದು ತಿಳಿಯುತ್ತದೆ. ಸಿವೈಪಿ2ಸಿ19 ಜೀನ್ ಮಂದವಾಗಿದ್ದರೆ ಎಸಿಟಾಲೋಪ್ರಾಮ್ ಅನ್ನುವ ಖಿನ್ನತೆಯ ಮಾತ್ರೆ ಮೈಯಲ್ಲಿ ಜಾಸ್ತಿ ಹೊತ್ತು ಉಳಿಯುತ್ತದೆ, ಡೋಸ್ ಇಳಿಸಬೇಕಾಗಬಹುದು. ಅಷ್ಟೇ. ಅಮೆರಿಕದ 1,944 ಮಾಜಿ ಸೈನಿಕರ ಮೇಲಿನ ಅಧ್ಯಯನ 2022ರಲ್ಲಿ ಬಂತು. ಟೆಸ್ಟ್ ನೋಡಿ ಮಾತ್ರೆ ಕೊಟ್ಟವರಿಗೆ ಮೊದಮೊದಲು ಚೂರು ಲಾಭ ಕಂಡಿತು, 24 ವಾರದ ಹೊತ್ತಿಗೆ ಅದೂ ಉಳಿಯಲಿಲ್ಲ. ಅದಿರಲಿ, ಒಂದೊಂದನ್ನು ಎಷ್ಟು ದಿನ ತೆಗೆದುಕೊಂಡಿರಿ?

ಬೆಣ್ಣೆದೋಸೆ: ಹತ್ತತ್ತು ದಿನ.

ಡಾಕ್ಟರ್: 4ರಿಂದ 6 ವಾರ ಬೇಕು. ಟೆಸ್ಟಿನ ದುಡ್ಡು ಉಳಿಯಿತು.

ಕಾಫಿತೋಟ: ಯಾವ ಲ್ಯಾಬ್ ಒಳ್ಳೆಯದು ಮೇಡಂ? ಎಷ್ಟಾಗುತ್ತದೆ?

ತುಮಕೂರು ಅಕ್ಕ: ತಮ್ಮನಿಗೆ ಬೈಪೋಲಾರ್, ಒಮ್ಮೆ ಅತಿ ಉತ್ಸಾಹ, ಒಮ್ಮೆ ಖಿನ್ನತೆ. ಕಾರ್ಬಮಜೆಪಿನ್ ಶುರುಮಾಡಿ 15 ದಿನ. ಮೊನ್ನೆಯಿಂದ ಜ್ವರ, ಎದೆ ಮೇಲೆಲ್ಲ ಕೆಂಪು ದದ್ದು, ಬಾಯಲ್ಲಿ ಹುಣ್ಣು, ನೀರೂ ಇಳಿಯುತ್ತಿಲ್ಲ. ಅಮ್ಮ ಆಗಿರಬೇಕು ಅಂತ ಅಜ್ಜಿ ಬೇವಿನ ಸೊಪ್ಪಿನ ಮೇಲೆ ಮಲಗಿಸಿದ್ದಾರೆ. ಈ ಮಾತ್ರೆಗೂ ಜೀನ್ ಟೆಸ್ಟ್ ಇದೆಯಂತೆ. ನಾಳೆ ಮಾಡಿಸಲಾ?

ಡಾಕ್ಟರ್: ನಾಳೆ ಅಲ್ಲ, ಟೆಸ್ಟೂ ಅಲ್ಲ. ರಾತ್ರಿಯ ಮಾತ್ರೆ ಕೊಡಬೇಡಿ. ಈಗಲೇ ದೊಡ್ಡ ಆಸ್ಪತ್ರೆಯ ಎಮರ್ಜೆನ್ಸಿಗೆ ಹೋಗಿ, ಗಾಡಿ ಇಲ್ಲದಿದ್ದರೆ 108. ಮಾತ್ರೆ ಚೀಟಿ, ಖಾಲಿ ಸ್ಟ್ರಿಪ್ ಎಲ್ಲ ತೆಗೆದುಕೊಳ್ಳಿ. ಹೋದ ಕೂಡಲೇ "ಕಾರ್ಬಮಜೆಪಿನ್, 15 ದಿನ" ಅನ್ನಿ. ಇದು ಸ್ಟೀವನ್ಸ್-ಜಾನ್ಸನ್ ಆಗಿರಬಹುದು. ಚರ್ಮ ಸುಲಿದು ಬರುವ ಕಾಯಿಲೆ, ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಅಮ್ಮ ಆಗಿದ್ದರೂ ಅಲ್ಲೇ ಹೇಳುತ್ತಾರೆ, ಹೋಗಿದ್ದರಿಂದ ನಷ್ಟವಿಲ್ಲ. ಕಣ್ಣು ಕೆಂಪಾಗಿದೆಯಾ? ಮೂತ್ರ ಮಾಡುವಾಗ ಉರಿಯಾ?

ನೀವು ಕೇಳಿದ್ದು ಎಚ್‌ಎಲ್‌ಎ-ಬಿ 15:02 ಅನ್ನುವ ಜೀನ್ ಬಗೆಯ ಟೆಸ್ಟ್. ಆ ಬಗೆ ಇದ್ದವರಿಗೆ ಈ ಮಾತ್ರೆಯಿಂದ ಅಪಾಯ ಅಂತ 2004ರಲ್ಲಿ ತೈವಾನಿನಲ್ಲಿ ಕಂಡುಕೊಂಡರು. ಮಾತ್ರೆ ಶುರುಮಾಡುವ ಮುಂಚೆ ಏಷ್ಯಾ ಮೂಲದವರಿಗೆ ಈ ಟೆಸ್ಟ್ ಮಾಡಿಸಿ ಅಂತ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2007ರಲ್ಲೇ ಹೇಳಿತು. ಇಡೀ ಮನೋವೈದ್ಯಕೀಯದಲ್ಲಿ ನಾನು ಕಣ್ಣುಮುಚ್ಚಿ ಒಪ್ಪುವ ಜೀನ್ ಟೆಸ್ಟ್ ಇದೊಂದೇ. ಆದರೆ ಅದು ಮಾತ್ರೆಗೆ ಮುಂಚೆ. ದದ್ದು ಎದ್ದ ಮೇಲೆ ರಿಪೋರ್ಟಿಗೆ ಕಾಯುವುದಲ್ಲ.

ತುಮಕೂರು ಅಕ್ಕ: ಕಣ್ಣು ಕೆಂಪಗಿದೆ. ಅಜ್ಜಿ ಬಿಡುತ್ತಿಲ್ಲ.

ಡಾಕ್ಟರ್: ಅಜ್ಜಿಗೆ ಫೋನ್ ಕೊಡಿ. ನಿಮ್ಮ ಇನ್‌ಬಾಕ್ಸಿಗೆ ನನ್ನ ನಂಬರ್ ಹಾಕಿದ್ದೇನೆ.

ಸರ್ವೇಜನಾಃ: ಫಾರ್ವರ್ಡ್: ಸರ್ಪಗಂಧ ಬೇರಿನ ಪುಡಿ, ಜೇನುತುಪ್ಪ, 21 ದಿನ. ಬೈಪೋಲಾರ್ ಬುಡಸಮೇತ ಮಾಯ. 10 ಜನಕ್ಕೆ ಕಳಿಸಿ.

ಡಾಕ್ಟರ್: ಅಳಿಸಿ. ಸರ್ಪಗಂಧದಲ್ಲಿರುವುದು ರಿಸರ್ಪಿನ್. ಬಿಪಿ ಕುಸಿಯುತ್ತದೆ, ಖಿನ್ನತೆ ಹೆಚ್ಚಬಹುದು. ಜೇನುತುಪ್ಪ ಬೆರೆಸಿದರೆ ಔಷಧದ ಗುಣ ಬದಲಾಗಲ್ಲ.

ಸರ್ವೇಜನಾಃ: ನಮ್ಮ ಹಿರಿಯರು ದಡ್ಡರಾ?

ಬೇ ಏರಿಯಾ ಕನ್ನಡಿಗ: ಇಲ್ಲಿ ಅಮೆರಿಕದಲ್ಲಿ ಟೆಸ್ಟ್ ಮಾಡಿಸಿದೆ. ರಿಪೋರ್ಟಿನಲ್ಲಿ ನನ್ನ ಮಾತ್ರೆಯ ಹೆಸರು ಎಚ್ಚರಿಕೆಯ ಕೆಂಪು ಡಬ್ಬಿಯಲ್ಲಿತ್ತು, ನಾನೇ ನಿಲ್ಲಿಸಿಬಿಟ್ಟೆ. ಇಂಡಿಯಾ ಇನ್ನೂ ಹಿಂದೆ.

ಹಾಸನದ ಹೈದ: ಹಾಗಾದ್ರೆ ಇಲ್ಯಾಕೆ ಕೇಳ್ತೀರಾ ಸ್ವಾಮಿ?

ಬೇ ಏರಿಯಾ ಕನ್ನಡಿಗ: ಕೇಳಲಿಲ್ಲ, ಹೇಳಿದೆ. ಓದೋಕೆ ಬರಲ್ವಾ?

ಸರ್ವೇಜನಾಃ: ಎಲ್ಲ ಕಮಿಷನ್ ಆಟ.

ಡಾಕ್ಟರ್: ಟೆಸ್ಟ್ ಬೇಡ ಅಂದದ್ದಕ್ಕೆ ಯಾರು ಕಮಿಷನ್ ಕೊಡುತ್ತಾರೆ ಹೇಳಿ, ನಾನೂ ತೆಗೆದುಕೊಳ್ಳುತ್ತೇನೆ. ಬೇ ಏರಿಯಾ ಅವರೇ, ಇಂಥ ರಿಪೋರ್ಟ್ ನೋಡಿ ನೀವೇ ಮಾತ್ರೆ ಬಿಡಬೇಡಿ ಅಂತ 2018ರಲ್ಲಿ ಎಚ್ಚರಿಸಿದ್ದೂ ನಿಮ್ಮ ಎಫ್‌ಡಿಎ. ಕೆಂಪು ಅಂದರೆ ವಿಷ ಅಲ್ಲ. ಜೀನ್ ಅದೇ ಇದ್ದರೂ, ಬೀಡಿ ಬಿಟ್ಟ ವಾರದಲ್ಲೇ ಕ್ಲೋಜಪಿನ್ ಅನ್ನುವ ಸ್ಕಿಜೋಫ್ರೇನಿಯಾ ಮಾತ್ರೆಯ ಮಟ್ಟ ರಕ್ತದಲ್ಲಿ ಏರುತ್ತದೆ. ಅದನ್ನು ಯಾವ ಡಬ್ಬಿಯೂ ತೋರಿಸಲ್ಲ. ನಾಳೆ ನಿಮ್ಮ ಡಾಕ್ಟರಿಗೆ ಫೋನ್ ಮಾಡಿ.

ಮಂಡ್ಯ ಬೆಲ್ಲ: ಬೈಪೋಲಾರ್‌ಗೆ ಕೊಡುವ ಲಿಥಿಯಂಗೆ ಜೀನ್ ಟೆಸ್ಟ್?

ಡಾಕ್ಟರ್: ಇಲ್ಲ. ರಕ್ತದ ಲೆವೆಲ್ ಟೆಸ್ಟ್.

ಗದಗ ಗಾಳಿ: ಖಿನ್ನತೆಗೆ ಸರಿಯಾದ ಮಾತ್ರೆ ಜೀನ್ ಟೆಸ್ಟಿನಲ್ಲಿ ಗೊತ್ತಾಗುತ್ತದಾ?

ಡಾಕ್ಟರ್: ಮೇಲೆ ಓದಿ.

ಹಾಸನದ ಹೈದ: ಬೆಂಗಳೂರಲ್ಲಿ ಸೈಟ್ ರೇಟ್ ಕೇಳಿದ್ರೆ ಬೇ ಏರಿಯಾಗೆ ಕನ್ನಡ ನೆನಪಾಗುತ್ತೆ.

ಅಡ್ಮಿನ್: ಸಾಕು ಇಬ್ಬರೂ.

ತುಮಕೂರು ಅಕ್ಕ: ಗಾಡಿ ಹತ್ತಿದೆವು ಮೇಡಂ. ಅಜ್ಜಿಯೂ ಬಂದರು.

ಡಾಕ್ಟರ್: ದಾರಿಯಲ್ಲಿ ಏನೂ ಹಚ್ಚಬೇಡಿ, ಬೇವೂ ಬೇಡ. ತಲುಪಿದ ತಕ್ಷಣ ಅಲ್ಲಿನ ಡಾಕ್ಟರ ಕೈಗೆ ಫೋನ್ ಕೊಡಿ. ಉಳಿದವರು ಜಗಳ ಮುಂದುವರಿಸಿ, ನಾನು ಆ ಕರೆಗೆ ಕಾಯುತ್ತೇನೆ.

ಕಾಫಿತೋಟ: ಮೇಡಂ, ಲ್ಯಾಬ್?